‘ಮಣ್ಣಾಗ ಅಮೈನೊ ಕಮ್ಮಿ ಐತಿ’ ಅಂತಾರಲ್ಲ, ಅದನ್ನ ಅಳೆದವರು ಯಾರು?

ಹಾವೇರಿ: ಗೋವಿನಜೋಳ ಮೊಣಕಾಲುದ್ದ ಬೆಳೆದು ಮೇಲುಗೊಬ್ಬರದ ಹೊತ್ತು ಬಂತಂದ್ರೆ ಗೊಬ್ಬರದ ಅಂಗಡಿಗಳಲ್ಲಿ ಯೂರಿಯಾ ಚೀಲದ ಜೊತೆಗೆ ಇನ್ನೊಂದು ಸಾಮಾನಿನ ಮಾತೂ ನಡೀತದೆ. ಅದು ‘ಅಮೈನೊ’ ಬಾಟ್ಲಿ. ರೈತರು ಅದನ್ನ ಟಾನಿಕ್ ಅಂತಾರೆ. ಹತ್ತಿ, ಮೆಣಸಿನಕಾಯಿ, ಗೋವಿನಜೋಳ, ಯಾವ ಬೆಳೆ ಹೆಸರು ಹೇಳಿದ್ರೂ ಬಾಟ್ಲಿ ಅದೇ. ‘ನಿಮ್ಮ ಮಣ್ಣಾಗ ಅಮೈನೊ ಆಸಿಡ್ ಕಮ್ಮಿ ಆಗೇತ್ರಿ ಕಾಕಾ, ಅದಕ್ಕ ಬೆಳಿ ಮ್ಯಾಲ ಏಳವಲ್ದು’ ಅನ್ನೋ ಮಾತು ಕೇಳದ ರೈತರು ಕಮ್ಮಿ.

ಹಿಂಗೆ ಹೇಳಬೇಕಂದ್ರೆ ಯಾರೋ ಒಬ್ಬರು ಆ ಹೊಲದ ಮಣ್ಣು ತಗೊಂಡು ಹೋಗಿ ಅದರಲ್ಲಿ ಅಮೈನೊ ಆಮ್ಲ ಎಷ್ಟಿದೆ ಅಂತ ಅಳೆದಿರಬೇಕು. ಅಳೆಯೋಕೆ ಆಗ್ತದಾ? ಆಗ್ತದೆ. ನಮ್ಮ ಮಣ್ಣು ಪರೀಕ್ಷೆ ಕೇಂದ್ರಗಳಲ್ಲಿ ಅಳೀತಾರಾ? ಇಲ್ಲ. ಅಳೆದ್ರೆ ಆ ಲೆಕ್ಕದಿಂದ ಎಷ್ಟು ಗೊಬ್ಬರ ಹಾಕಬೇಕು ಅಂತ ಗೊತ್ತಾಗ್ತದಾ? ಅದೂ ಇಲ್ಲ. ಈ ಮೂರು ಉತ್ತರ ಯಾಕೆ ಹಿಂಗೆ ಅನ್ನೋದು ಗೊತ್ತಿದ್ರೆ ಬಾಟ್ಲಿ ಕೊಳ್ಳೋ ರೈತನಿಗೂ ಒಳ್ಳೇದು, ಮಾರೋ ಅಂಗಡಿಯವರಿಗೂ ಒಳ್ಳೇದು.

ಮಣ್ಣಲ್ಲಿ ಅಮೈನೊ ಆಮ್ಲ ಎಲ್ಲಿಂದ ಬಂತು?

ಆಮ್ಲ ಅಂದ ತಕ್ಷಣ ಸುಡೋ ವಸ್ತು ಅಂದ್ಕೋಬೇಡಿ. ಪ್ರೋಟೀನ್ ಅನ್ನೋ ಗೋಡೆಗೆ ಅಮೈನೊ ಆಮ್ಲಗಳು ಇಟ್ಟಂಗಿ ಇದ್ದಂಗೆ. ಬೇಳೆ, ಹಾಲು, ಮೊಟ್ಟೆ, ನಮ್ಮ ಮೈಯ ಮಾಂಸಖಂಡ ಎಲ್ಲದರಲ್ಲೂ ಇರೋ ಪ್ರೋಟೀನ್ ಸುಮಾರು 20 ತರದ ಅಮೈನೊ ಆಮ್ಲಗಳಿಂದ ಕಟ್ಟಿದ್ದು. ಪ್ರತಿ ಇಟ್ಟಂಗಿಯಲ್ಲೂ ಸಾರಜನಕ ಇರ್ತದೆ. ಯೂರಿಯಾದಲ್ಲಿ ಇರೋದೂ ಅದೇ ಸಾರಜನಕ.

ಹೊಲದಲ್ಲಿ ಉದುರಿದ ಎಲೆ, ಕೊಳೆತ ಬೇರು, ತಿಪ್ಪಿ ಗೊಬ್ಬರ, ಸತ್ತ ಎರೆಹುಳ, ಇವೆಲ್ಲಕ್ಕಿಂತ ಹೆಚ್ಚಾಗಿ ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಸಾಯೋ ಕೋಟ್ಯಂತರ ಸೂಕ್ಷ್ಮಜೀವಿಗಳು, ಇವುಗಳಲ್ಲಿದ್ದ ಪ್ರೋಟೀನ್ ಮಣ್ಣಿಗೆ ಸೇರ್ತದೆ. ಮೇಲ್ಮಣ್ಣಿನಲ್ಲಿರೋ ಸಾರಜನಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಇಂಥ ಸಾವಯವ ರೂಪದಲ್ಲೇ ಇರ್ತದೆ. ಆ ಮಣ್ಣನ್ನ ಆಮ್ಲದಲ್ಲಿ ಕುದಿಸಿದ್ರೆ ಸಾಮಾನ್ಯವಾಗಿ ಅದರ ಸಾರಜನಕದ ನೂರಕ್ಕೆ 20ರಿಂದ 40 ಪಾಲು ಅಮೈನೊ ಆಮ್ಲವಾಗಿ ಹೊರಗೆ ಬರ್ತದೆ.

ಒಂದು ಎಕರೆಗೆ ಲೆಕ್ಕ ಹಾಕಿ ನೋಡೋಣ. ಆರು ಇಂಚು ಆಳದವರೆಗೆ ಒಂದು ಎಕರೆಯ ಮಣ್ಣು ಸುಮಾರು 8 ಲಕ್ಷ ಕೆಜಿ ತೂಗ್ತದೆ. ಸಾವಯವ ಇಂಗಾಲ ಶೇ 0.5 ಇದೆ ಅಂತ ಇಟ್ಟುಕೊಳ್ಳಿ. ಅಂದ್ರೆ 4,000 ಕೆಜಿ ಇಂಗಾಲ. ಮಣ್ಣಲ್ಲಿ ಹತ್ತು ಪಾಲು ಇಂಗಾಲಕ್ಕೆ ಹೆಚ್ಚೂಕಮ್ಮಿ ಒಂದು ಪಾಲು ಸಾರಜನಕ, ಅಂದ್ರೆ 400 ಕೆಜಿ. ಅದರಲ್ಲಿ ಶೇ 30 ಅಮೈನೊ ರೂಪದ್ದು ಅಂದ್ರೂ 120 ಕೆಜಿ. ಅಮೈನೊ ಆಮ್ಲದಲ್ಲಿ ಸಾರಜನಕ ಶೇ 16ರಷ್ಟು ಅಂತ ಹಿಡಿದ್ರೆ, ಅಮೈನೊ ಆಮ್ಲದ ತೂಕ ಸುಮಾರು 750 ಕೆಜಿ. ಏಳೂವರೆ ಕ್ವಿಂಟಾಲ್! ಇದು ಅಂದಾಜು ಲೆಕ್ಕ. ಎರಿ ಭೂಮಿಗೂ ಮಸಾರಿಗೂ ಹೆಚ್ಚುಕಮ್ಮಿ ಆಗ್ತದೆ. ಆದ್ರೆ ಗ್ರಾಂ ಲೆಕ್ಕದ ವ್ಯವಹಾರ ಅಲ್ಲ ಅನ್ನೋದಂತೂ ಖರೆ.

ಹಂಗಾದ್ರೆ ಯೂರಿಯಾನೇ ಬೇಡ್ವಾ ಅಂತ ಕೇಳಬಹುದು. ಬೇಕು. ಯಾಕಂದ್ರೆ ಈ ಅಮೈನೊ ಆಮ್ಲ ಬಿಡಿಬಿಡಿಯಾಗಿ ಇರೋದಿಲ್ಲ. ಜೇಡಿಮಣ್ಣಿಗೆ, ಹ್ಯೂಮಸ್‌ಗೆ ಅಂಟಿಕೊಂಡು, ಗೋಡೆ ಒಳಗಿನ ಇಟ್ಟಂಗಿ ತರ ಕೂತಿರ್ತದೆ. ಮಣ್ಣಿನ ಒಟ್ಟು ಸಾವಯವ ಸಾರಜನಕದಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ ಬಿಡುಗಡೆಯಾಗಿ ಬೆಳೆಗೆ ಸಿಗ್ತದೆ. ಬ್ಯಾಂಕಿನಲ್ಲಿ ಇಟ್ಟ ಠೇವಣಿ ಇದ್ದಂಗೆ. ದುಡ್ಡು ನಿಮ್ಮದೇ, ಆದ್ರೆ ಸಂತೆ ದಿನ ಕೈಗೆ ಸಿಗೋದು ಬಡ್ಡಿ ಮಾತ್ರ.

ಮಣ್ಣಿನ ನೀರಲ್ಲಿ ಬಿಡಿಯಾಗಿ ಕರಗಿರೋ ಅಮೈನೊ ಆಮ್ಲನೂ ಇರ್ತದೆ, ಆದ್ರೆ ಬಹಳ ಕಮ್ಮಿ. ಅದು ಉಳಿಯೋದೂ ಇಲ್ಲ. ಸೂಕ್ಷ್ಮಜೀವಿಗಳಿಗೆ ಅದು ಮೆಚ್ಚಿನ ಊಟ. ಹೊಸದಾಗಿ ಬಿದ್ದ ಅಮೈನೊ ಆಮ್ಲದಲ್ಲಿ ಅರ್ಧಕ್ಕರ್ಧ ಕೆಲವೇ ತಾಸುಗಳಲ್ಲಿ ಖಾಲಿ ಆಗ್ತದೆ.

ಲ್ಯಾಬ್‌ನಲ್ಲಿ ಅಳೆಯೋದು ಹೆಂಗೆ?

ಮಣ್ಣನ್ನ ನೀರಲ್ಲಿ ಕದಡಿ ಸೋಸಿದ್ರೆ ಬಿಡಿ ಅಮೈನೊ ಆಮ್ಲ ಮಾತ್ರ ಬರ್ತದೆ. ಅಂಟಿಕೊಂಡಿರೋದು ಬರಬೇಕಂದ್ರೆ ಗೋಡೆ ಕೆಡವಬೇಕು. ಅದಕ್ಕೆ ಮಣ್ಣನ್ನ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 110 ಡಿಗ್ರಿ ಶಾಖದಲ್ಲಿ 12ರಿಂದ 24 ತಾಸು ಕಾಯಿಸ್ತಾರೆ. ಪ್ರೋಟೀನ್ ಒಡೆದು ಅಮೈನೊ ಆಮ್ಲಗಳು ಬಿಡಿಯಾಗ್ತವೆ. ಆಮೇಲೆ ಸೋಸಿ, ಉಳಿದ ಆಮ್ಲ ಆರಿಸಿ, ಅಳತೆಗೆ ಸಜ್ಜು ಮಾಡ್ತಾರೆ.

ಅಳೆಯೋದಕ್ಕೆ ಹಳೇ ಕಾಲದಿಂದ ಬಂದ ವಸ್ತು ನಿನ್‌ಹೈಡ್ರಿನ್. ಕೇಂಬ್ರಿಜ್‌ನಲ್ಲಿದ್ದ ರಸಾಯನ ವಿಜ್ಞಾನಿ ಸೀಗ್‌ಫ್ರೀಡ್ ರೂಹೆಮನ್ 1910ರಲ್ಲಿ ಇದನ್ನ ಕಂಡುಹಿಡಿದ್ರು. ಅಮೈನೊ ಆಮ್ಲದ ಜೊತೆ ಸೇರಿಸಿ ಬಿಸಿ ಮಾಡಿದ್ರೆ ನೇರಳೆ ಬಣ್ಣ ಬರ್ತದೆ. ಬಣ್ಣ ಎಷ್ಟು ಗಾಢವೋ ಅಮೈನೊ ಆಮ್ಲ ಅಷ್ಟು ಹೆಚ್ಚು. ಪ್ರೋಲಿನ್ ಅನ್ನೋ ಒಂದು ಮಾತ್ರ ಹಳದಿ ಬಣ್ಣ ಕೊಡ್ತದೆ.

ಈ ನಿನ್‌ಹೈಡ್ರಿನ್ ಪೊಲೀಸ್ ಇಲಾಖೆಗೂ ಗೊತ್ತಿರೋದೇ. ಕಾಗದದ ಮೇಲಿನ ಬೆರಳಚ್ಚು ಕಾಣೋ ಹಂಗೆ ಮಾಡೋಕೆ ಇದನ್ನ ಬಳಸಬಹುದು ಅಂತ 1954ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ರು. ನಮ್ಮ ಕೈ ಬೆವರಲ್ಲೇ ಅಮೈನೊ ಆಮ್ಲ ಇರ್ತದೆ, ಅದಕ್ಕೇ ಬೆರಳ ಗುರುತು ನೇರಳೆಯಾಗಿ ಮೂಡ್ತದೆ. ಮಣ್ಣಿನ ಪರೀಕ್ಷೆಗೂ ಇದರಿಂದ ಒಂದು ಎಚ್ಚರಿಕೆ ಉಂಟು. ಬರಿಗೈಯಲ್ಲಿ ಗಾಜಿನ ಸಾಮಾನು ಮುಟ್ಟಿದ್ರೆ ನಿಮ್ಮ ಬೆವರೂ ಮಣ್ಣಿನ ಲೆಕ್ಕಕ್ಕೆ ಸೇರಿಬಿಡ್ತದೆ. ಅದಕ್ಕೆ ಲ್ಯಾಬ್‌ನವರು ಕೈಗವಸು ಹಾಕದೆ ಈ ಕೆಲಸಕ್ಕೆ ಕೈ ಹಚ್ಚೋದಿಲ್ಲ.

ಒಟ್ಟು ಎಷ್ಟು ಅನ್ನೋದಕ್ಕೆ ಬಣ್ಣ ಸಾಕು. ಯಾವ ಅಮೈನೊ ಆಮ್ಲ ಎಷ್ಟು ಅಂತ ಬೇರೆಬೇರೆ ಬೇಕಂದ್ರೆ ಯಂತ್ರ ಬೇಕು. ಅಮೆರಿಕದ ಸ್ಟ್ಯಾನ್‌ಫೋರ್ಡ್ ಮೂರ್ ಮತ್ತು ವಿಲಿಯಂ ಸ್ಟೈನ್ ತಮ್ಮ ಸಹೋದ್ಯೋಗಿ ಸ್ಪ್ಯಾಕ್‌ಮನ್ ಜೊತೆ ಸೇರಿ 1958ರಲ್ಲಿ ಅಂಥ ಯಂತ್ರದ ವಿವರ ಪ್ರಕಟಿಸಿದ್ರು. ಉದ್ದನೆ ಕೊಳವೆಯಲ್ಲಿ ರಾಳದ ಸಣ್ಣ ಮಣಿ ತುಂಬಿರ್ತಾರೆ. ಅದರೊಳಗೆ ದ್ರಾವಣ ಹಾಯಿಸಿದ್ರೆ ಒಂದೊಂದು ಅಮೈನೊ ಆಮ್ಲ ಒಂದೊಂದು ಹೊತ್ತಿಗೆ ಹೊರಗೆ ಬರ್ತದೆ. ಬಂದ ಹಾಗೆ ಬಣ್ಣ ಹಿಡಿದು ಅಳೀತಾ ಹೋಗ್ತದೆ. ಮೂರ್ ಮತ್ತು ಸ್ಟೈನ್ 1972ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಈಗ ಹೆಚ್ಚಿನ ಕಡೆ ಎಚ್‌ಪಿಎಲ್‌ಸಿ ಯಂತ್ರ ಬಂದಿದೆ. ಕೆಲಸದ ತತ್ವ ಹೆಚ್ಚೂಕಮ್ಮಿ ಅದೇ: ಬೇರ್ಪಡಿಸು, ಬಣ್ಣ ಅಥವಾ ಹೊಳಪು ಬರಿಸು, ಅಳೆ.

ಅಳತೆ ಎಲ್ಲೆಲ್ಲಿ ಹಳಿ ತಪ್ಪಬಹುದು?

ಇಷ್ಟೆಲ್ಲ ಮಾಡಿದ್ರೂ ಉತ್ತರ ನೂರಕ್ಕೆ ನೂರು ಸರಿ ಬರೋದಿಲ್ಲ. ಆಮ್ಲದಲ್ಲಿ ಕುದಿಸುವಾಗ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೊ ಆಮ್ಲ ನಾಶ ಆಗ್ತದೆ. ಆಸ್ಪರಜಿನ್, ಗ್ಲುಟಮಿನ್ ಅನ್ನೋ ಎರಡು ಬೇರೆ ರೂಪಕ್ಕೆ ತಿರುಗಿ ಅಮೋನಿಯಾ ಬಿಡ್ತವೆ. ಆ ಅಮೋನಿಯಾನೂ ನಿನ್‌ಹೈಡ್ರಿನ್ ಜೊತೆ ಬಣ್ಣ ಕೊಡ್ತದೆ! ಹೊಲಕ್ಕೆ ಹಾಕಿದ ಅಮೋನಿಯಂ ಗೊಬ್ಬರದ್ದೂ ಇದೇ ಕತೆ. ಅದನ್ನ ತೆಗೆದು ಅಥವಾ ಕಳೆದು ಲೆಕ್ಕ ಹಿಡೀಬೇಕು. ಯಾರಾದ್ರೂ ಹೊಲದ ಬದುವಿನಲ್ಲಿ ನಿಂತು ಮಣ್ಣಿಗೆ ಎರಡು ಹನಿ ಹಾಕಿ ‘ಬಣ್ಣ ಬರಲಿಲ್ಲ ನೋಡ್ರಿ, ಅಮೈನೊ ಇಲ್ಲ’ ಅಂದ್ರೆ ಅದು ಪರೀಕ್ಷೆ ಅಲ್ಲ. ಕುದಿಸದೆ ಅಂಟಿಕೊಂಡಿದ್ದು ಹೊರಗೆ ಬರೋದಿಲ್ಲ ಅನ್ನೋದು ಈಗಾಗಲೇ ನೋಡಿದ್ವಿ.

ಬಿಡಿ ಅಮೈನೊ ಆಮ್ಲ ಅಳೆಯೋದು ಇನ್ನೂ ಸೂಕ್ಷ್ಮ. ಮಣ್ಣು ಒಣಗಿಸಿದ್ರೆ ಸತ್ತ ಸೂಕ್ಷ್ಮಜೀವಿಗಳಿಂದ ಅಮೈನೊ ಆಮ್ಲ ಹೊರಗೆ ಬಂದು ಲೆಕ್ಕ ಏರ್ತದೆ. ಹಸಿ ಮಣ್ಣು ಬಿಸಿಲಲ್ಲಿ ಅರ್ಧ ದಿನ ಚೀಲದಲ್ಲಿ ಬಿದ್ರೆ ಸೂಕ್ಷ್ಮಜೀವಿಗಳು ತಿಂದು ಲೆಕ್ಕ ಇಳೀತದೆ. ಅದಕ್ಕೆ ಮಣ್ಣು ತೆಗೆದ ಕೂಡಲೇ ತಂಪಿನಲ್ಲಿ ಇಟ್ಟು ಬೇಗ ಮುಗಿಸಬೇಕು. ದಿನಕ್ಕೆ ನೂರಾರು ಮಾದರಿ ನೋಡಬೇಕಾದ ಮಣ್ಣು ಪರೀಕ್ಷೆ ಕೇಂದ್ರಕ್ಕೆ ಇದು ಹೊಂದೋ ಕೆಲಸ ಅಲ್ಲ. ಇದು ಸಂಶೋಧನೆ ಮಾಡೋ ಲ್ಯಾಬ್‌ಗಳ ಕೆಲಸ.

ನಿಮ್ಮ ಕಾರ್ಡಿನಲ್ಲಿ ಏನಿರ್ತದೆ?

ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾಯ್ತು. ಕಾರ್ಡಿನಲ್ಲಿ 12 ಅಂಶ ಇರ್ತವೆ: ಪಿಎಚ್ ಅಂದ್ರೆ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಅಮೈನೊ ಆಮ್ಲ ಇದರಲ್ಲಿ ಇಲ್ಲ. ಹಂಗಾಗಿ ಕಾರ್ಡ್ ತೋರಿಸಿ ‘ಅಮೈನೊ ಕೊರತೆ’ ಅಂತ ಯಾರೂ ಹೇಳೋಕೆ ಬರೋದಿಲ್ಲ.

ಆದ್ರೆ ಅಮೈನೊ ಆಮ್ಲದ ನೆರಳು ಕಾರ್ಡಿನ ಎರಡು ಸಾಲಲ್ಲಿ ಬೀಳ್ತದೆ. ಒಂದು ಸಾವಯವ ಇಂಗಾಲ. ಸಾವಯವ ವಸ್ತು ಹೆಚ್ಚಿದ್ದ ಕಡೆ ಅಮೈನೊ ಆಮ್ಲವೂ ಹೆಚ್ಚು. ಇನ್ನೊಂದು ಸಾರಜನಕ. ಇದನ್ನ ಅಳೆಯೋ ರೂಢಿಯ ವಿಧಾನ ನಮ್ಮ ದೇಶದ ಸುಬ್ಬಯ್ಯ ಮತ್ತು ಅಸಿಜಾ ಅನ್ನೋ ಇಬ್ಬರು ವಿಜ್ಞಾನಿಗಳು 1956ರಲ್ಲಿ ಕೊಟ್ಟಿದ್ದು. ಮಣ್ಣಿಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮತ್ತು ಕ್ಷಾರ ಹಾಕಿ ಕಾಯಿಸಿ, ಹೊರಬರೋ ಅಮೋನಿಯಾ ಹಿಡಿದು ಅಳೀತಾರೆ. ಸುಲಭವಾಗಿ ಒಡೆಯೋ ಅಮೈನೊ ತರದ ಸಾರಜನಕದಿಂದಲೂ ಆ ಅಮೋನಿಯಾ ಬರ್ತದೆ. ಅಂದ್ರೆ ಬೆಳೆಗೆ ಬೇಕಾದಷ್ಟು ಸುದ್ದಿ ಕಾರ್ಡಿನಲ್ಲಿ ಈಗಾಗಲೇ ಇದೆ. ಓದೋ ಅಳತೆ ಇಷ್ಟು: ಸಾವಯವ ಇಂಗಾಲ ಶೇ 0.5ಕ್ಕಿಂತ ಕಮ್ಮಿ ಇದ್ರೆ ಕಡಿಮೆ, 0.75ಕ್ಕಿಂತ ಮೇಲಿದ್ರೆ ಹೆಚ್ಚು. ಸಾರಜನಕ ಹೆಕ್ಟೇರಿಗೆ 280 ಕೆಜಿಗಿಂತ ಕಮ್ಮಿ ಇದ್ರೆ ಕಡಿಮೆ, 560ಕ್ಕಿಂತ ಮೇಲಿದ್ರೆ ಹೆಚ್ಚು.

ಗೋವಿನಜೋಳಕ್ಕೆ ಪ್ರಯೋಗ ಮಾಡಿ ನೋಡಿದ್ರು

ಅಮೈನೊ ಲೆಕ್ಕದಿಂದಲೇ ಗೊಬ್ಬರ ಶಿಫಾರಸು ಮಾಡೋ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. ನಮ್ಮ ಹಾಗೆ ಗೋವಿನಜೋಳ ಬೆಳೆಯೋ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2001ರಲ್ಲಿ ಒಂದು ಸರಳ ಪರೀಕ್ಷೆ ಪ್ರಕಟಿಸಿದ್ರು. ಅವರು ಅಳೆದದ್ದು ಅಮೈನೊ ಸಕ್ಕರೆ. ಇದು ಅಮೈನೊ ಆಮ್ಲದ ದಾಯಾದಿ, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಇರೋದು. ಅಮೈನೊ ಸಕ್ಕರೆ ಹೆಚ್ಚಿರೋ ಹೊಲದಲ್ಲಿ ಸಾರಜನಕ ಗೊಬ್ಬರ ಹಾಕಿದ್ರೂ ಗೋವಿನಜೋಳದ ಇಳುವರಿ ಏರೋದಿಲ್ಲ, ಅಂಥ ಹೊಲ ಮೊದಲೇ ಗುರುತಿಸಿದ್ರೆ ಗೊಬ್ಬರ ಉಳೀತದೆ ಅನ್ನೋದು ಅವರ ಲೆಕ್ಕ.

ಬೇರೆ ರಾಜ್ಯಗಳ ಸಂಶೋಧಕರು ತಮ್ಮ ಹೊಲಗಳಲ್ಲಿ ಅದೇ ಪರೀಕ್ಷೆ ಮಾಡಿದಾಗ ಲೆಕ್ಕ ಕೂಡಿ ಬರಲಿಲ್ಲ. ಪರೀಕ್ಷೆಯ ಸಂಖ್ಯೆ ಮಣ್ಣಿನ ಒಟ್ಟು ಸಾವಯವ ಸಾರಜನಕದ ಜೊತೆಗೇ ಏರಿಳೀತಿತ್ತು, ಹೊಸದಾಗಿ ಏನೂ ಹೇಳ್ತಿರಲಿಲ್ಲ. ಇನ್ನೊಂದು ಮಾತೂ ಇಲ್ಲಿ ಸೇರಿಸಬೇಕು. ಬೇರೆಬೇರೆ ಹವಾಮಾನದ ಮಣ್ಣು ತಂದು ಆಮ್ಲದಲ್ಲಿ ಕುದಿಸಿ ನೋಡಿದ್ರೂ ಅಮೈನೊ ಆಮ್ಲಗಳ ಪ್ರಮಾಣದ ಜೋಡಣೆ ಹೆಚ್ಚೂಕಮ್ಮಿ ಒಂದೇ ತರ ಕಾಣ್ತದೆ. ಗ್ಲೈಸಿನ್, ಅಲನಿನ್, ಆಸ್ಪಾರ್ಟಿಕ್, ಗ್ಲುಟಾಮಿಕ್ ಇವೇ ಮುಂದೆ. ‘ನಿಮ್ಮ ಹೊಲದಾಗ ಇಂಥದ್ದೊಂದು ಅಮೈನೊ ಇಲ್ಲ’ ಅನ್ನೋ ಮಾತಿಗೆ ಬುಡ ಇಲ್ಲ.

ಬಾಟ್ಲಿಯ ಲೆಕ್ಕ

ಈಗ ಬಾಟ್ಲಿಗೆ ಬರೋಣ. ಶೇ 20 ಅಮೈನೊ ಆಮ್ಲ ಅಂತ ಬರೆದಿರೋ ಒಂದು ಲೀಟರ್ ಬಾಟ್ಲಿಯಲ್ಲಿ ಸುಮಾರು 200 ಗ್ರಾಂ ಅಮೈನೊ ಆಮ್ಲ ಇರ್ತದೆ. ಅದರಲ್ಲಿರೋ ಸಾರಜನಕ ಸುಮಾರು 32 ಗ್ರಾಂ. ಇಷ್ಟು ಸಾರಜನಕ 70 ಗ್ರಾಂ ಯೂರಿಯಾದಲ್ಲಿ ಸಿಗ್ತದೆ, ಅಂದ್ರೆ ಒಂದು ಹಿಡಿ. 45 ಕೆಜಿ ಚೀಲದ ಯೂರಿಯಾದಲ್ಲಿ 20.7 ಕೆಜಿ ಸಾರಜನಕ. ಬಾಟ್ಲಿಯಿಂದ ಅಷ್ಟು ಕೊಡಬೇಕಂದ್ರೆ 600ಕ್ಕೂ ಹೆಚ್ಚು ಬಾಟ್ಲಿ ಬೇಕು. ಇನ್ನು ಮಣ್ಣಲ್ಲಿ ಮೊದಲೇ ಇರೋ ಏಳೂವರೆ ಕ್ವಿಂಟಾಲ್ ಮುಂದೆ ಈ 200 ಗ್ರಾಂ ‘ಕೊರತೆ ತುಂಬ್ತದೆ’ ಅನ್ನೋದು ಕೆರೆಗೆ ಚರಗಿ ನೀರು ಹೊಯ್ದಂಗೆ. ಅದರಲ್ಲೂ ಮಣ್ಣಿಗೆ ಬಿಟ್ರೆ ಮೊದಲು ಊಟ ಮಾಡೋವು ಸೂಕ್ಷ್ಮಜೀವಿಗಳು.

ಹಂಗಂತ ಟಾನಿಕ್ ಎಲ್ಲಾ ಮೋಸ ಅಂತಲ್ಲ. ಕಾನೂನಿನ ಪ್ರಕಾರ ಇವು ಗೊಬ್ಬರ ಅಲ್ಲ, ಜೈವಿಕ ಉತ್ತೇಜಕ. ಬೆಳೆ ಪೋಷಕಾಂಶ ಹೀರೋದಕ್ಕೆ, ಒಣಹವೆಯಂಥ ಒತ್ತಡ ತಡೆಯೋದಕ್ಕೆ ಸಣ್ಣ ಪ್ರಮಾಣದಲ್ಲಿ ಸಹಾಯ ಮಾಡಬೇಕಾದ ವಸ್ತು. ಹೆಚ್ಚಾಗಿ ಎಲೆ ಮೇಲೆ ಹೊಡೆಯೋದು. ಅಂಥ ಗುಣ ಇದೆ ಅಂತ ಕಂಪನಿ ಬೆಳೆಯಲ್ಲಿ ಪ್ರಯೋಗ ಮಾಡಿ ತೋರಿಸಬೇಕು. ಮಣ್ಣಿನ ಕೊರತೆಯ ಕತೆ ಹೇಳೋದಲ್ಲ.

ಇನ್ನೊಂದು ತಮಾಷೆ ಏನಂದ್ರೆ, ಲ್ಯಾಬ್‌ನಲ್ಲಿ ಮಣ್ಣಿಗೆ ಏನು ಮಾಡ್ತಾರೋ ಕೆಲವು ಕಾರ್ಖಾನೆಗಳಲ್ಲಿ ಕೋಳಿ ಪುಕ್ಕ, ಚರ್ಮ, ಸೋಯಾದಂಥ ವಸ್ತುವಿಗೆ ಅದನ್ನೇ ಮಾಡ್ತಾರೆ. ಆಮ್ಲದಲ್ಲಿ ಬೇಯಿಸಿ ಪ್ರೋಟೀನ್ ಒಡೀತಾರೆ. ಇನ್ನು ಕೆಲವರು ಕಿಣ್ವ ಬಳಸ್ತಾರೆ. ಆಮ್ಲದ ದಾರಿ ಹಿಡಿದ್ರೆ ಟ್ರಿಪ್ಟೊಫ್ಯಾನ್ ಇಲ್ಲೂ ನಾಶ. ಆಮ್ಲವನ್ನ ಕ್ಷಾರ ಹಾಕಿ ತಣಿಸಿದಾಗ ಉಪ್ಪು ಉಳೀತದೆ. ಅದಕ್ಕೆ ಯಾವ ಮೂಲದ್ದು, ಹೆಂಗೆ ತಯಾರಿಸಿದ್ದು ಅಂತ ಕೇಳೋದು ಗಿರಾಕಿಯ ಹಕ್ಕು.

ಲೇಬಲ್ ಮೇಲಿನ ‘ಒಟ್ಟು ಸಾರಜನಕ’ ನೋಡಿ ಅಮೈನೊ ಆಮ್ಲ ಇದೆ ಅಂತ ನಂಬೋಕೂ ಬರೋದಿಲ್ಲ. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಕೊಟ್ಟ ವಿಧಾನದಿಂದ ಸಾರಜನಕ ಅಳೆದ್ರೆ ಅದು ಪ್ರೋಟೀನಿನದ್ದೋ ಯೂರಿಯಾದ್ದೋ ಅಂತ ಬೇರೆ ಮಾಡಿ ಹೇಳೋದಿಲ್ಲ. ಚೀನಾದಲ್ಲಿ 2008ರಲ್ಲಿ ಬಯಲಾದ ಹಾಲಿನ ಹಗರಣ ನೆನಪಿರಬಹುದು. ನೀರು ಬೆರೆಸಿದ ಹಾಲಿಗೆ ಮೆಲಮಿನ್ ಹಾಕಿ ಪ್ರೋಟೀನ್ ಹೆಚ್ಚಿದ ಹಾಗೆ ತೋರಿಸಿದ್ದು ಇದೇ ಸಂದಿಯಿಂದ. ಬಾಟ್ಲಿಯೊಳಗೆ ನಿಜಕ್ಕೂ ಅಮೈನೊ ಆಮ್ಲ ಇದೆಯಾ ಅನ್ನೋದಕ್ಕೆ ಅಮೈನೊ ಆಮ್ಲವನ್ನೇ ಅಳೆದ ವರದಿ ಬೇಕು.

ಅಂಗಡಿಯವರು ನೋಡಬೇಕಾದ್ದು

ಜೈವಿಕ ಉತ್ತೇಜಕಗಳು 2021ರ ಫೆಬ್ರವರಿಯಿಂದ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ಬಂದಿವೆ. ಪ್ರೋಟೀನ್ ಒಡೆದು ಮಾಡಿದ ದ್ರಾವಣ ಮತ್ತು ಅಮೈನೊ ಆಮ್ಲಗಳು ಅದರಲ್ಲಿ ಒಂದು ವರ್ಗ. ಇವುಗಳಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ ಮೀರಬಾರದು. ತಾತ್ಕಾಲಿಕ ನೋಂದಣಿ ಮೇಲೆ ಮಾರೋ ಅವಕಾಶ ಹಲವು ಸಲ ಮುಂದಕ್ಕೆ ಹೋಗಿ 2025ರ ಜೂನ್ 16ಕ್ಕೆ ಮುಗಿದಿದೆ. ಒಂದು ಕಾಲಕ್ಕೆ ಸುಮಾರು 30 ಸಾವಿರ ಉತ್ಪನ್ನ ತಪಾಸಣೆ ಇಲ್ಲದೆ ಮಾರಾಟದಲ್ಲಿದ್ದವು, ಬಿಗಿ ಮಾಡಿದ ಮೇಲೆ ಸುಮಾರು 650ಕ್ಕೆ ಇಳಿದಿವೆ ಅಂತ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರಲ್ಲಿ ಹೇಳಿದ್ರು. ಪ್ರಾಣಿ ಮೂಲದ 11 ಉತ್ಪನ್ನಗಳ ಒಪ್ಪಿಗೆಯನ್ನೂ ಅದೇ ವರ್ಷ ವಾಪಸ್ ಪಡೆಯಲಾಯ್ತು.

ಈ ಆದೇಶ ನಿಂತಿರೋದು 1955ರ ಅಗತ್ಯ ವಸ್ತುಗಳ ಕಾಯ್ದೆ ಮೇಲೆ. ಕಪಾಟಿನಲ್ಲಿ ಉಳಿದ ಹಳೇ ಬಾಟ್ಲಿ ಸಿಕ್ಕಿಬಿದ್ರೆ ಮೊದಲು ಉತ್ತರ ಹೇಳಬೇಕಾದವರು ಕಂಪನಿ ಏಜೆಂಟ್ ಅಲ್ಲ, ಗಲ್ಲಾ ಮುಂದೆ ಕೂತವರು. ಅದಕ್ಕೆ:

- ಮಾಲು ಇಳಿಸಿಕೊಳ್ಳೋ ಮುಂಚೆ ಆ ಉತ್ಪನ್ನ ಅಧಿಸೂಚನೆಯ ಪಟ್ಟಿಯಲ್ಲಿದೆ ಅನ್ನೋದಕ್ಕೆ ಕಂಪನಿಯಿಂದ ಪತ್ರದ ಪ್ರತಿ ಇಸ್ಕೊಳ್ಳಿ.
- ಒಪ್ಪಿಗೆ ಇರೋದು ಯಾವ ಬೆಳೆಗೆ, ಎಷ್ಟು ಪ್ರಮಾಣಕ್ಕೆ ಅಂತ ನೋಡಿ. ಎಲ್ಲಾ ಬೆಳೆಗೂ ಒಂದೇ ಅಂತ ಹೇಳಿ ಕೊಡಬೇಡಿ.
- ಖರೀದಿ ಬಿಲ್, ಬ್ಯಾಚ್ ನಂಬರ್, ದಾಸ್ತಾನು ಪುಸ್ತಕ ಸರಿಯಾಗಿ ಇಡಿ.
- ಯೂರಿಯಾ ಬೇಕಂದ್ರೆ ಬಾಟ್ಲಿನೂ ಒಯ್ಯಬೇಕು ಅಂತ ಗಿರಾಕಿಗೆ ಗಂಟು ಹಾಕಬೇಡಿ.

ರೈತರು ಮಾಡಬೇಕಾದ್ದು

- ಮೊದಲು ಮಣ್ಣು ಪರೀಕ್ಷೆ. ಒಂದು ಹೊಲದಲ್ಲಿ 8–10 ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಆರು ಇಂಚು ತೋಡಿ, ಗುಂಡಿಯ ಬದಿಯಿಂದ ಮಣ್ಣು ಕೆರೆದು, ಎಲ್ಲಾ ಕೂಡಿಸಿ, ನೆರಳಲ್ಲಿ ಆರಿಸಿ ಅರ್ಧ ಕೆಜಿ ಕೊಡಿ. ಬದು, ಗಿಡದ ಬುಡ, ತಿಪ್ಪಿ ಹತ್ತಿರದ ಮಣ್ಣು ಬೇಡ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.
- ಕಾರ್ಡಿನಲ್ಲಿ ಸಾವಯವ ಇಂಗಾಲದ ಸಾಲು ಮೊದಲು ಓದಿ. ಅದು ಶೇ 0.5ರ ಕೆಳಗಿದ್ರೆ ನಿಮ್ಮ ಠೇವಣಿ ಕರಗ್ತಾ ಇದೆ ಅಂತ ಅರ್ಥ. ಅದನ್ನ ತುಂಬೋದು ತಿಪ್ಪಿ ಗೊಬ್ಬರ, ಸೆಣಬು ಬಿತ್ತಿ ಹೂವಾಡೋ ಹೊತ್ತಿಗೆ ಮಣ್ಣಿಗೆ ಸೇರಿಸೋದು, ಗೋವಿನಜೋಳದ ದಂಟಿಗೆ ಬೆಂಕಿ ಹಚ್ಚದೆ ಹೊಲದಲ್ಲೇ ಕೊಳೆಯೋಕೆ ಬಿಡೋದು. ಬೆಂಕಿ ಹಚ್ಚಿದ್ರೆ ದಂಟಿನಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯಲ್ಲೇ ಹೋಗ್ತದೆ.
- ಟಾನಿಕ್ ಹೊಡೆಯಲೇಬೇಕು ಅನ್ನಿಸಿದ್ರೆ ನಾಲ್ಕು ಸಾಲು ಹೊಡೀದೆ ಬಿಡಿ. ಕೊಯ್ಲಿನಲ್ಲಿ ಆ ಸಾಲು ಬೇರೆ ತೂಗಿ, ಪಕ್ಕದ ನಾಲ್ಕು ಸಾಲಿನ ಜೊತೆ ಹೋಲಿಸಿ. ಫರಕು ಬಂದಿಲ್ಲ ಅಂದ್ರೆ ಮುಂದಿನ ವರ್ಷ ಆ ದುಡ್ಡು ಉಳೀತದೆ.
- ಪಕ್ಕಾ ಬಿಲ್ ಇಲ್ಲದೆ ಬಾಟ್ಲಿ ತಗೋಬೇಡಿ. ದೂರು ಕೊಡಬೇಕಾದ್ರೆ ಕೈಯಲ್ಲಿ ಇರೋ ದಾಖಲೆ ಅದೊಂದೇ.

ಇಷ್ಟಾದ ಮೇಲೂ ‘ಮಣ್ಣಾಗ ಅಮೈನೊ ಕಮ್ಮಿ ಐತ್ರಿ’ ಅಂತ ಯಾರಾದ್ರೂ ಅಂದ್ರೆ ಜಗಳ ಬೇಡ. ಯಾವ ಲ್ಯಾಬ್‌ನಲ್ಲಿ ಅಳೆಸಿದ್ರಿ, ಎಷ್ಟು ತಾಸು ಕುದಿಸಿದ್ರು, ವರದಿ ಕೊಡ್ರಿ ನೋಡೋಣ ಅಂತ ಕೇಳಿ. ವರದಿ ಬರೋತನಕ ದುಡ್ಡು ಕಿಸೆಯಲ್ಲೇ ಇರಲಿ.